ಚಿಗರಿಯನ್ನು ಒಪ್ಪಿಸುವಾಗ

ಹಗ್ಗ ಆಮ್ಯಾಲೆ ಕೊಡ್ತೀನಿ, ಹುಲುಗೇಶ,
ಮೊದಲು ಆ ಮೊಬೈಲ್ ಜೇಬಿನ್ಯಾಗ ಇಡು.
ಬರ್ಕೊಂಡರ ಬರೋದಲ್ಲ ಇದು.
ಮಾಬುಸಾಬ ಇಪ್ಪತ್ತು ವರ್ಷ ಜಟಕಾ ಹೊಡೆದ,
ಕೌಲ್ ಬಜಾರಿನಿಂದ ಸ್ಟೇಷನ್ನಿಗೆ, ತಿರುಗಿ ಕೌಲ್ ಬಜಾರಿಗೆ.
ಲಗಾಮು ಅವನದು,
ಬಾಯಿ ನನ್ನದು.
ಅಂದರ, ಅಕಿ ಬಾಯಾಗ ಬಿದ್ದದ್ದೆಲ್ಲ
ಈ ಕೈಯಿಂದ ಬಿದ್ದದ್ದು.

ಮೊದಲು ನೀರು. ಆಮ್ಯಾಲೆ ಮೇವು.
ಮೇವು ಅರ್ಧ ಇಳಿದ ಮ್ಯಾಲೆ ಕಾಳು.
ಉಲ್ಟಾ ಮಾಡಿದಿ ಅಂದರ ಆ ರಾತ್ರಿ
ನೀನೂ ಮಲಗಂಗಿಲ್ಲ, ಅಕೀನೂ ಮಲಗಂಗಿಲ್ಲ.
ಹುರುಳಿ ಎರಡು ಸೇರು, ರಾತ್ರಿನೇ ನೆನೆಸು,
ಒತ್ತಿದರ ಉಗುರು ಇಳೀಬೇಕು, ಹಂಗ.
ಮೂರು ಪಾಲು ಮಾಡು. ಒಮ್ಮೆಗೇ ಸುರಿಯಾಕ
ಮದುವಿ ಮನಿ ಊಟ ಅಲ್ಲ ಅದು.
ಅಕಿ ಹೊಟ್ಟಿ ಸಣ್ಣ ಗಡಿಗಿ, ಕರಳು ಮಾತ್ರ
ನಿಮ್ಮ ಗಂಗಾವತಿ ತನಕ ಉದ್ದ.

ಸೊಪ್ಪಿ ತಂದರ ಝಾಡಿಸು, ಎರಡು ಸಲ.
ಸಂಡೂರು ಲಾರಿ ಹೋದ ದಾರ್ಯಾಗ
ಹುಲ್ಲಿನ ಮ್ಯಾಲೆಲ್ಲ ಕೆಂಪು ಕೂತಿರ್ತೈತಿ.
ಶೇಂಗಾ ಹೊಟ್ಟು ಅಗ್ಗ ಅಂತ ಬೂಸ್ಟು ಹಿಡಿದದ್ದು ತರಬ್ಯಾಡ,
ಮೂಸಿ ನೋಡು, ನಿನಗ ಸೀನು ಬಂದರ ತಿರುಗಿ ಕೊಡು.
ಕುದುರಿ ಮಸಾಲಿ ಸೊಪ್ಪು ಅಂತಾರಲ್ಲ,
ಮಸಾಲಿ ಹಾಕಿದಂಗೇ ಹಾಕು, ಅನ್ನ ಬಡಿಸಿದಂಗ ಅಲ್ಲ.

ಇಲ್ಲಿ ಜೀನ್ಸ್ ತೊಳೆಯೋ ಮೋರಿ.
ಒಂದು ಸಲ ನೀಲಿ ಮೂತಿ ಮಾಡ್ಕೊಂಡು ಬಂದಿದ್ದಳು,
ಓಣಿ ಹುಡುಗರು ನಕ್ಕರು, ನಾ ಸುಣ್ಣದಂಗ ಬಿಳಿಚಿದ್ದೆ.
ನಿಮ್ಮಲ್ಲಿ ಭತ್ತಕ್ಕ ಹೊಡೆದ ಔಷಧಿ.
ಬದುವಿನ ಹುಲ್ಲು ಹಸರ ಕಂಡಷ್ಟೂ ದೂರ ನಿಲ್ಲು.
ರೈಸ್ ಮಿಲ್ಲಿನ ತೌಡು ಪುಕ್ಕಟೆ ಸಿಕ್ಕರೂ
ದಿನಕ್ಕೊಂದು ಹಿಡಿ ಹೆಚ್ಚಿಸು, ಹತ್ತು ದಿನ ಹಿಡೀಲಿ.
ಊರು ಬದಲಾತಂತ ಹೊಟ್ಟಿಗೆ ಯಾರೂ ಹೇಳಿರಂಗಿಲ್ಲ.

ಹೋದ ವರ್ಷ ಕುರುಗೋಡಿನ ಮೆರವಣಿಗಿ.
ಮದುಮಗನ ಸ್ವಾದರತ್ತಿ, ಪ್ರೀತಿಯಾಕಿ,
ಒಂದು ಪುಟ್ಟಿ ಬೂಂದಿ ತಿನಿಸಿಬಿಟ್ಟಳು.
ನಡುರಾತ್ರಿ ಚಿಗರಿ ತನ್ನ ಹೊಟ್ಟಿ ತಾನೇ ತಿರುಗಿ ನೋಡಿದಳು.
ಕುದುರಿ ಹಂಗ ನೋಡಿತಂದರ
ಯಾರನ್ನೋ ಕರಿಯಾಕ ಹತ್ತೈತಿ ಅಂತ ತಿಳಿ.
ಪಂಪಾಪತಿ ಡಾಕ್ಟರು ಬರೋ ತನಕ
ಬಿದ್ದು ಹೊರಳಾಡಗೊಡದಂಗ
ಗುಡ್ಡದ ಬುಡಕ್ಕ ನಡಿಸಿದೆ. ಒಂದು ಚಪ್ಪಲಿ ಎಲ್ಲೋ ಹೋತು.
ಸೂಜಿ ಆತು, ಮೂಗಿನ್ಯಾಗ ನಳಿಗಿ ಆತು.
ಬೆಳಕು ಹರಿಯೋ ಹೊತ್ತಿಗೆ ಲದ್ದಿ ಹಾಕಿದಳು,
ಮೂರು ಉಂಡಿ, ಹಬೆ ಆಡತಿದ್ದವು.
ನಗಬ್ಯಾಡ.
ಮಗಳು ಹುಟ್ಟಿದಾಗ ಸಕ್ಕರಿ ಹಂಚಿದ್ದು ನೆನಪಿಲ್ಲ ನನಗ,
ಅವತ್ತು ಹಂಚಿದ್ದು ನೆನಪೈತಿ.

ನಲವತ್ತು ದಿನಕ್ಕೊಮ್ಮೆ ನಾಲು ತೆಗೆಸು.
ಬುಡೇನಸಾಬನ ಕೈಗೆ ಕಾಲು ತಾನಾಗೇ ಕೊಡ್ತಾಳ,
ಬ್ಯಾರೆಯವರಿಗೆ ಬೆಲ್ಲ ಬೇಕಾಗ್ತೈತಿ. ಚೂರು ಸಾಕು.
ಕಟ್ಟಿದ ಕಡೆ ಒಂದು ಉಪ್ಪಿನ ಹರಳು ಇರಲಿ.
ಬ್ಯಾಂಡಿನವರ ದೊಡ್ಡ ಡೋಲು
ಎಡಗಿವಿ ಕಡೆ ಬ್ಯಾಡ.

ಬಾ. ಇಲ್ಲಿ ಕಿವಿ ಇಡು, ಪಕ್ಕಡಿ ಕೆಳಗ.
ಏನು ಕೇಳ್ತೈತಿ?
— ಗಿರಣಿ.
ಎಷ್ಟು ದೂರದ್ದು?
— ಎರಡು ಓಣಿ ಆಚೇದು.
ಹಾಂ, ಅಷ್ಟೇ. ಅದು ನಿಂತರ ಫೋನ್ ಮಾಡು,
ಮೊದಲು ಡಾಕ್ಟರಿಗೆ, ಆಮ್ಯಾಲೆ ನನಗ.
ತಗೋ, ಹಗ್ಗ.

ಈಗ ಲಾಯದಾಗ ಬ್ಯಾಟರಿ ಆಟೋ ನಿಂತೈತಿ.
ಮಾಬುಸಾಬ ಪ್ಲಗ್ ಚುಚ್ಚಿ ಮಲಗ್ತಾನ,
ಅದಕ್ಕ ಮೂಸಿ ನೋಡೋದು ಏನಿಲ್ಲ.
ಮುಂಜಾನೆ ಎದ್ದು ನೋಡಿದರ ಬಕೀಟಿನ್ಯಾಗ
ಎರಡು ಸೇರು ಹುರುಳಿ,
ರಾತ್ರಿ ಯಾವಾಗ ನೆನೆಸಿದೆನೋ ಗೊತ್ತಿಲ್ಲ.
ಒತ್ತಿ ನೋಡಿದೆ, ಉಗುರು ಇಳೀತು.
ಓಣಿ ಮನಿ ಮನಿಗೂ ಇವತ್ತು
ನಮ್ಮ ಮನಿ ಹುರುಳಿ ಸಾರು.